ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು: ಬಳ್ಳಾರಿಯ ಬಿಸಿಲಿನಲ್ಲಿ ಐದು ವರ್ಷ ಬಳಸಿದ ಮೇಲೆ

ನಮ್ಮ ಮನೆಯ ಫ್ರಿಡ್ಜಿನ ನಡುವಿನ ಹಲಗೆಯ ಮೇಲೆ, ಮೊಸರಿನ ಪಾತ್ರೆಗೂ ಹೂವಿನ ಪೊಟ್ಟಣಕ್ಕೂ ತಾಗದ ಹಾಗೆ, ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಐದು ವರ್ಷಗಳಿಂದ ಇದೆ. ಅದರೊಳಗಿನ ಗಾಜಿನ ಸೀಸೆಗಳು ಹೆಬ್ಬೆರಳಿಗಿಂತ ಚಿಕ್ಕವು. ಒಂದೊಂದರಲ್ಲಿಯೂ ನೀರಿನಂತೆ ತಿಳಿಯಾದ ಒಂದು ಮಿಲಿಲೀಟರ್ ದ್ರಾವಣವಿದ್ದು, ಅದರಲ್ಲಿ 300 ಮೈಕ್ರೊಗ್ರಾಂ ಫಿಲ್‌ಗ್ರಾಸ್ಟಿಮ್ ಎಂಬ ಪ್ರೋಟೀನು ಕರಗಿರುತ್ತದೆ. ಒಂದು ಸಾಸಿವೆ ಕಾಳಿನ ತೂಕಕ್ಕೂ ಬಾರದ ಈ ವಸ್ತು ನನ್ನ ಮೊಮ್ಮಗನನ್ನು ಇಷ್ಟು ದಿನ ಉಳಿಸಿಕೊಂಡು ಬಂದಿದೆ. ಇದನ್ನು ಹೊಸದಾಗಿ ಕೊಳ್ಳಬೇಕಾಗಿ ಬಂದ ಮನೆಯವರಿಗೆ ಉಪಯೋಗವಾಗಲೆಂದು, ಮೂರು ಬೇರೆ ಬೇರೆ ಕಂಪನಿಗಳ ಸೀಸೆಗಳನ್ನು ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಕೀಮೋಥೆರಪಿಯ ನಂತರ ಬಿಳಿ ರಕ್ತಕಣಗಳು ಕುಸಿದ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಚುಚ್ಚುಮದ್ದು ಎಂಬಷ್ಟರ ಮಟ್ಟಿಗೆ ಮಾತ್ರ ಈ ಔಷಧ ನನಗೆ ಗೊತ್ತಿತ್ತು. ನನ್ನ ಮಗಳ ಮಗನಿಗೆ ಹುಟ್ಟಿದ ಎರಡನೆಯ ವಾರದಲ್ಲೇ ಹೊಕ್ಕುಳು ಕೀವಾಯಿತು. ಮುಂದೆ ಕಿವಿ ಸೋರಿತು, ಕಂಕುಳಲ್ಲಿ ಬಾವು ಎದ್ದಿತು, ಹಲ್ಲು ಮೂಡುವ ಮೊದಲೇ ವಸಡಿನಲ್ಲಿ ಹುಣ್ಣುಗಳಾದವು. ಪ್ರತಿ ಸಲವೂ ಆಂಟಿಬಯೋಟಿಕ್ ಕೊಟ್ಟರೆ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ರಕ್ತಪರೀಕ್ಷೆಯ ವರದಿಯಲ್ಲಿ ಒಟ್ಟು ಬಿಳಿ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ; ನನಗೂ ಬರಲಿಲ್ಲ, ಆ ನೋವು ಈಗಲೂ ಇದೆ. ಒಟ್ಟು ಸಂಖ್ಯೆಯನ್ನು ಬಿಟ್ಟು ಅದರ ಶೇಕಡಾವಾರು ವಿಂಗಡಣೆಯನ್ನು ನೋಡಿ ಲೆಕ್ಕ ಹಾಕಿದಾಗ, ಸೋಂಕಿನ ವಿರುದ್ಧ ಮೊದಲು ಹೋರಾಡುವ, ಸಾಮಾನ್ಯವಾಗಿ ಮೈಕ್ರೊಲೀಟರಿಗೆ 1500ಕ್ಕೆ ಮೇಲಿರಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಅವನಲ್ಲಿ 150ರ ಆಸುಪಾಸಿನಲ್ಲಿದ್ದವು. 500ಕ್ಕಿಂತ ಕೆಳಗಿಳಿದರೆ ಅದನ್ನು ತೀವ್ರ ಕೊರತೆ ಎನ್ನುತ್ತಾರೆ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿ ಅಸ್ಥಿಮಜ್ಜೆಯ ಪರೀಕ್ಷೆಯೂ ವಂಶವಾಹಿ ಪರೀಕ್ಷೆಯೂ ಆದ ಮೇಲೆ, ಇದು ತೀವ್ರ ಜನ್ಮಜಾತ ನ್ಯೂಟ್ರೋಪೀನಿಯಾ ಎಂಬ ಹುಟ್ಟು ರೋಗನಿರೋಧಕ ಕೊರತೆ ಎಂದು ತಿಳಿಯಿತು.

ಸ್ವೀಡನ್ ದೇಶದ ವೈದ್ಯ ರೋಲ್ಫ್ ಕೋಸ್ಟ್‌ಮನ್ ತಮ್ಮ ನಾಡಿನ ಉತ್ತರ ಭಾಗದ ಕುಟುಂಬಗಳಲ್ಲಿ ಈ ಬಗೆಯ ಕಾಯಿಲೆಯನ್ನು ಗುರುತಿಸಿ 1956ರಲ್ಲಿ ವಿವರವಾಗಿ ಬರೆದರು. ಆ ಕಾಲದಲ್ಲಿ ಇಂಥ ಮಕ್ಕಳಲ್ಲಿ ಬಹುಪಾಲು ಎಳವೆಯಲ್ಲೇ ತೀರಿಹೋಗುತ್ತಿದ್ದವು. ನನ್ನ ಮೊಮ್ಮಗ ಹಾಗೆ ತೀರಿಹೋಗದಿರುವುದಕ್ಕೆ ಈ ಸೀಸೆಯೇ ಕಾರಣವಾದ್ದರಿಂದ, ಇದರೊಳಗಿನ ವಸ್ತು ಏನು ಎಂಬುದನ್ನು ಮೊದಲು ಹೇಳಬೇಕು.

ನಮ್ಮ ದೇಹದ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ರಕ್ತಕ್ಕೆ ಬಿಡುವ ಸಣ್ಣ ಪ್ರೋಟೀನುಗಳಿವೆ. ಸೋಂಕು ತಗುಲಿದಾಗ ‘ಇನ್ನಷ್ಟು ನ್ಯೂಟ್ರೋಫಿಲ್‌ಗಳು ಬೇಕು’ ಎಂಬ ಸುದ್ದಿಯನ್ನು ಅಸ್ಥಿಮಜ್ಜೆಗೆ ಕೊಂಡೊಯ್ಯುವ ಪ್ರೋಟೀನಿಗೆ ಜಿ-ಸಿಎಸ್‌ಎಫ್ ಎಂದು ಹೆಸರು. ಫಿಲ್‌ಗ್ರಾಸ್ಟಿಮ್ ಎಂಬುದು ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿದ ರೂಪ. ಮೊಮ್ಮಗನ ದೇಹದಲ್ಲಿ ಜಿ-ಸಿಎಸ್‌ಎಫ್ ಇಲ್ಲವೆಂದು ನಾನು ಮೊದಲು ತಿಳಿದಿದ್ದೆ; ಅದು ತಪ್ಪು. ಈ ಕಾಯಿಲೆಯ ಮಕ್ಕಳ ರಕ್ತದಲ್ಲಿ ಅದು ಸಾಕಷ್ಟು ಇರುತ್ತದೆ, ಕೆಲವರಲ್ಲಿ ಹೆಚ್ಚಾಗಿಯೇ ಇರುತ್ತದೆ. ಕೊರತೆ ಇರುವುದು ಸುದ್ದಿಯನ್ನು ಕೇಳಿ ಬೆಳೆಯಬೇಕಾದ ಎಳೆಯ ಕಣಗಳಲ್ಲಿ. ಎಲೇನ್ ಎಂಬ ವಂಶವಾಹಿ ಕೆಟ್ಟಿರುವ ಮಕ್ಕಳಲ್ಲಿ, ಆ ಕಣಗಳು ತಯಾರಿಸುವ ಎಲಾಸ್ಟೇಸ್ ಎಂಬ ದಾರದಂಥ ಪ್ರೋಟೀನು ತನ್ನ ಆಕಾರಕ್ಕೆ ಸರಿಯಾಗಿ ಮಡಿಸಿಕೊಳ್ಳದೆ ಒಳಗೇ ಸಿಕ್ಕಿಕೊಂಡು, ಕಣಗಳು ಬಲಿಯುವ ಮುನ್ನವೇ ಸಾಯುತ್ತವೆ ಎಂಬುದು ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿರುವ ವಿವರಣೆ. ಹೊರಗಿನಿಂದ ಕೊಡುವ ಔಷಧವು ಅದೇ ಸುದ್ದಿಯನ್ನು ಬಹಳ ಜೋರಾಗಿ ಕೂಗುವುದರಿಂದ, ಸಾಯಬೇಕಾಗಿದ್ದ ಕಣಗಳಲ್ಲಿ ಕೆಲವಾದರೂ ಬಲಿತು ರಕ್ತಕ್ಕೆ ಬರುತ್ತವೆ. ತಪ್ಪಾಗಿ ಮಡಿಸಿಕೊಂಡ ಒಂದು ಪ್ರೋಟೀನಿನಿಂದ ಬಂದ ಕಾಯಿಲೆಗೆ, ಸರಿಯಾಗಿ ಮಡಿಸಿಕೊಂಡ ಇನ್ನೊಂದು ಪ್ರೋಟೀನೇ ಔಷಧವಾಗಿದೆ ಎಂಬುದು ನನ್ನ ಮನಸ್ಸಿನಲ್ಲಿ ಬಹಳ ಆಳವಾಗಿ ನಿಂತಿದೆ, ಏಕೆಂದರೆ ಈ ಸೀಸೆಯ ಬೆಲೆಯೂ ಅದರ ನಾಜೂಕೂ ಆ ‘ಸರಿಯಾಗಿ’ ಎಂಬ ಮಾತಿನಲ್ಲೇ ಇವೆ.

ದೇಹದಲ್ಲಿ ಈ ಪ್ರೋಟೀನು ಇರುವ ಪ್ರಮಾಣ ಎಷ್ಟು ಅತ್ಯಲ್ಪವೆಂದರೆ, ರಕ್ತದಿಂದ ಬಸಿದು ಔಷಧ ಮಾಡುವುದು ಆಗದ ಮಾತು. ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯಲ್ಲಿ ಡೊನಾಲ್ಡ್ ಮೆಟ್ಕಾಫ್ ಅವರ ತಂಡದ ನಿಕೋಲಾ ಮತ್ತು ಸಂಗಡಿಗರು ಇಲಿಯ ಜಿ-ಸಿಎಸ್‌ಎಫ್ ಅನ್ನು 1983ರಲ್ಲಿ ಶುದ್ಧಗೊಳಿಸಿದರು. ಮನುಷ್ಯರದ್ದನ್ನು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಕೇಂದ್ರದಲ್ಲಿ ಕಾರ್ಲ್ ವೆಲ್ಟೆ ಮತ್ತು ಸಂಗಡಿಗರು 1985ರಲ್ಲಿ ಶುದ್ಧಗೊಳಿಸಿದರು. ಅದಕ್ಕೆ ಅವರಿಗೆ ಆಕರವಾದದ್ದು 5637 ಎಂಬ ಸಂಖ್ಯೆಯ, ಮೂತ್ರಕೋಶದ ಕ್ಯಾನ್ಸರಿನಿಂದ ಬೆಳೆಸಿದ ಜೀವಕೋಶಗಳು. ಅವು ತಮ್ಮ ಸುತ್ತಲಿನ ದ್ರವಕ್ಕೆ ಈ ಪ್ರೋಟೀನನ್ನು ಬಿಡುತ್ತಿದ್ದವು. ಶುದ್ಧ ಪ್ರೋಟೀನು ಕೈಗೆ ಸಿಕ್ಕಿದ್ದರಿಂದ ಅದರ ಬಿಡಿ ಮಣಿಗಳಂತಿರುವ ಅಮೈನೊ ಆಮ್ಲಗಳ ಸಾಲನ್ನು ಓದಲು ಸಾಧ್ಯವಾಗಿ, ಆ ಸಾಲಿನ ಜಾಡು ಹಿಡಿದು 1986ರಲ್ಲಿ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಅದರ ವಂಶವಾಹಿಯನ್ನು ಹಿಡಿದರು. ಅಲ್ಲಿಂದ ಮುಂದೆ ಅದನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೇಕಾದಷ್ಟು ತಯಾರಿಸುವ ದಾರಿ ತೆರೆಯಿತು. 1989ರಲ್ಲಿ ಈ ಹುಟ್ಟು ಕೊರತೆಯಿದ್ದ ಐವರು ರೋಗಿಗಳಿಗೆ ಕೊಟ್ಟು ನೋಡಿದ ಫಲಿತಾಂಶ ಪ್ರಕಟವಾಯಿತು. ಐವರಲ್ಲಿಯೂ ನ್ಯೂಟ್ರೋಫಿಲ್‌ಗಳು ಏರಿದವು. 1991ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2001ರಲ್ಲಿ ಭಾರತದಲ್ಲೇ ತಯಾರಿಸಿ ಮಾರಾಟಕ್ಕೆ ತಂದಿತು. ಕೋಸ್ಟ್‌ಮನ್ ಅವರ ಬರಹಕ್ಕೂ ಆ ಐವರಿಗೂ ನಡುವೆ ಮೂವತ್ತಮೂರು ವರ್ಷಗಳಿವೆ. ಆ ನಡುವೆ ಹುಟ್ಟಿದ ಮಕ್ಕಳ ತಾಯಂದಿರನ್ನು ನಾನು ಎಷ್ಟೋ ರಾತ್ರಿ ನೆನೆದಿದ್ದೇನೆ.

ಈಗ ತಯಾರಿಕೆಯ ವಿಷಯ. ಇ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನು ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಬೆಳೆಸುತ್ತಾರೆ. ಅದು ಮನುಷ್ಯರ ಈ ಪ್ರೋಟೀನನ್ನು ತಯಾರಿಸುವುದೇನೋ ನಿಜ, ಆದರೆ ತನ್ನೊಳಗೆ ಗಂಟುಗಂಟಾಗಿ, ಉಪಯೋಗಕ್ಕೆ ಬಾರದ ಮುದ್ದೆಯಾಗಿ ಒಟ್ಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾವನ್ನು ಒಡೆದು, ಆ ಮುದ್ದೆಗಳನ್ನು ತೊಳೆದು, ಪ್ರಬಲ ರಾಸಾಯನಿಕಗಳಲ್ಲಿ ಕರಗಿಸಿದಾಗ ಪ್ರೋಟೀನು ಬಿಚ್ಚಿದ ದಾರದಂತೆ ಪೂರ್ತಿ ಸಡಿಲವಾಗುತ್ತದೆ. ಬಳಿಕ ಆ ರಾಸಾಯನಿಕವನ್ನು ನಿಧಾನವಾಗಿ ತೆಗೆಯುತ್ತ ಹೋದಂತೆ, 175 ಅಮೈನೊ ಆಮ್ಲಗಳ ಆ ದಾರವು ತನ್ನ ಸಹಜ ಆಕಾರಕ್ಕೆ ಮರಳಿ ಮಡಿಸಿಕೊಳ್ಳಬೇಕು. ಅದರಲ್ಲಿರುವ, ಸಿಸ್ಟೀನ್ ಎಂಬ ಗಂಧಕವುಳ್ಳ ಐದು ಅಮೈನೊ ಆಮ್ಲಗಳಲ್ಲಿ ನಾಲ್ಕು ಸರಿಯಾದ ಜೋಡಿಗಳಾಗಿ ಎರಡು ಗಂಧಕದ ಬೆಸುಗೆ ಹಾಕಿಕೊಂಡು, ಐದನೆಯದು ಒಂಟಿಯಾಗಿ ಉಳಿಯಬೇಕು. ಜೋಡಿ ತಪ್ಪಿದ ಪ್ರೋಟೀನು ತೂಕದಲ್ಲಿ ಅಷ್ಟೇ ಇದ್ದರೂ ಕೆಲಸದಲ್ಲಿ ಸೊನ್ನೆ. ಮಡಿಕೆ ಕೆಟ್ಟವು, ಒಂದಕ್ಕೊಂದು ಅಂಟಿಕೊಂಡವು, ತುಂಡಾದವು, ಆಮ್ಲಜನಕ ತಗುಲಿ ಬದಲಾದವು, ಎಲ್ಲವನ್ನೂ ಸಾಲು ಸಾಲು ಕ್ರೊಮಟೊಗ್ರಫಿ ಕಂಬಗಳ ಮೂಲಕ ಹಾಯಿಸಿ ಬೇರ್ಪಡಿಸುತ್ತಾರೆ.

ಸಿರುಗುಪ್ಪದ ರೈಸ್ ಮಿಲ್ಲು ನೋಡಿದವರಿಗೆ ಇದು ಹೊಸದೆನಿಸದು. ಅಲ್ಲಿ ಭತ್ತದಿಂದ ಹೊಟ್ಟು ಹಾರಿಸುವುದು, ಕಲ್ಲು ತೆಗೆಯುವುದು, ತೌಡು ಉಜ್ಜುವುದು, ಪಾಲಿಶ್ ಮಾಡುವುದು, ಕೊನೆಗೆ ಬಣ್ಣ ಗುರುತಿಸುವ ಯಂತ್ರದಲ್ಲಿ ಕಪ್ಪು ಕಾಳನ್ನು ಹಾರಿಸುವುದು ಹೀಗೆ ಒಂದೊಂದು ಹಂತಕ್ಕೂ ಒಂದೊಂದು ಗುಣವನ್ನು ಹಿಡಿದು ಬೇರ್ಪಡಿಸುತ್ತಾರಲ್ಲ, ಇಲ್ಲಿಯೂ ವಿದ್ಯುದಂಶ, ಗಾತ್ರ, ನೀರಿಗೆ ಒಗ್ಗುವ ಸ್ವಭಾವ ಎಂದು ಒಂದೊಂದು ಗುಣಕ್ಕೆ ಒಂದೊಂದು ಕಂಬವಿರುತ್ತದೆ. ಕೊನೆಯ ಹಂತಕ್ಕೆ ಅವರೂ ಪಾಲಿಶಿಂಗ್ ಎಂದೇ ಹೆಸರಿಟ್ಟಿದ್ದಾರೆ. ವ್ಯತ್ಯಾಸವೊಂದಿದೆ. ಅಕ್ಕಿಯಲ್ಲಿ ಉಳಿದ ಕಲ್ಲು ಹಲ್ಲಿಗೆ ತಿಳಿಯುತ್ತದೆ, ಆದರೆ ಈ ಸೀಸೆಯಲ್ಲಿ ಉಳಿದದ್ದು ಕಣ್ಣಿಗಾಗಲಿ ನಾಲಗೆಗಾಗಲಿ ತಿಳಿಯುವುದಿಲ್ಲ. ಇ. ಕೋಲೈನ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಎಂಬ ವಿಷವಿದೆ. ಅದು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದರೂ ಚಳಿಜ್ವರ ತರುತ್ತದೆ, ಹೆಚ್ಚಾದರೆ ರಕ್ತದೊತ್ತಡವನ್ನೇ ಕುಸಿಸುತ್ತದೆ. ಕುದಿಸಿದರೂ ಅದು ಸುಲಭವಾಗಿ ನಾಶವಾಗುವುದಿಲ್ಲವಾದ್ದರಿಂದ, ಅದನ್ನು ತೆಗೆದು ಪ್ರತಿ ಬ್ಯಾಚಿನ ಸೀಸೆಗಳನ್ನೂ ಪರೀಕ್ಷಿಸಿಯೇ ಹೊರಗೆ ಬಿಡಬೇಕು. 2024ರ ನವೆಂಬರಿನಲ್ಲಿ ನಮ್ಮ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ರಕ್ತನಾಳಕ್ಕೆ ಕೊಟ್ಟ ದ್ರಾವಣದ ಗುಣಮಟ್ಟದ ಬಗ್ಗೆ ನಾಡಿನಾದ್ಯಂತ ಪ್ರಶ್ನೆ ಎದ್ದುದನ್ನು ಈ ಊರಿನವರು ಮರೆತಿಲ್ಲ. ಅಂದಿನಿಂದ ಚುಚ್ಚುಮದ್ದಿನ ಶುದ್ಧತೆ ಎಂಬುದು ನಮ್ಮ ಓಣಿಗಳಲ್ಲಿ ಪುಸ್ತಕದ ಮಾತಾಗಿ ಉಳಿದಿಲ್ಲ.

ಆ ದೃಷ್ಟಿಯಿಂದ ನಾನು ಬಳಸಿದ ಮೂರು ಕಂಪನಿಗಳ ಔಷಧಗಳಲ್ಲಿಯೂ ನನಗೆ ದೂರಿಲ್ಲ. ಐದು ವರ್ಷಗಳಲ್ಲಿ ಸಾವಿರದ ಎಂಟುನೂರಕ್ಕೂ ಮೀರಿ ಚುಚ್ಚಿದ್ದೇನೆ. ಚುಚ್ಚಿದ ಬೆನ್ನಿಗೇ ಚಳಿ ಬಂದದ್ದು, ಚುಚ್ಚಿದ ಜಾಗ ಕೀವಾದದ್ದು ಒಂದೂ ಇಲ್ಲ. ಕಂಪನಿ ಬದಲಾದಾಗ ನ್ಯೂಟ್ರೋಫಿಲ್ ಎಣಿಕೆಯಲ್ಲಿ ಏರಿಳಿತವಾದೀತೆಂದು ಭಯಪಟ್ಟಿದ್ದೆ. ಪ್ರತಿ ಸಲವೂ ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತ ಪರೀಕ್ಷಿಸಿದೆವು, ಎಣಿಕೆ ಮೊದಲಿನ ಹಾಗೆಯೇ ನಿಂತಿತು. ಒಂದು ಕಂಪನಿಯ ಪ್ರೋಟೀನು ಔಷಧವನ್ನು ಇನ್ನೊಂದು ಕಂಪನಿ ತಯಾರಿಸುವಾಗ ಎರಡೂ ಸಮಾನವೆಂದು ತೋರಿಸಿಕೊಡಬೇಕಾದ ಕ್ರಮವನ್ನು ನಮ್ಮ ದೇಶ 2012ರ ಮಾರ್ಗಸೂಚಿಯಲ್ಲಿ ನಿಗದಿ ಮಾಡಿ 2016ರಲ್ಲಿ ಪರಿಷ್ಕರಿಸಿದೆ. ಆದರೂ ವೈದ್ಯರಿಗೆ ತಿಳಿಸದೆ ಕಂಪನಿ ಬದಲಾಯಿಸಬಾರದೆಂಬುದು ನನ್ನ ಅಭಿಪ್ರಾಯ. ಸೀಸೆಯ ಮೇಲಿನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇವನ್ನು ಒಂದು ನೋಟ್ ಪುಸ್ತಕದಲ್ಲಿ ಪ್ರತಿದಿನ ಬರೆದಿಡುವ ರೂಢಿ ನನ್ನದು. ಅದು ಈಗ ನಾಲ್ಕನೆಯ ಪುಸ್ತಕ.

ಔಷಧ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಮೊದಲ ವಾರದ ಕೊನೆಯಲ್ಲಿ ಎಣಿಕೆ 900ಕ್ಕೆ, ಎರಡನೆಯ ವಾರದಲ್ಲಿ 1400ಕ್ಕೆ ಬಂದಿತು. ವಸಡಿನ ಹುಣ್ಣುಗಳು ಆರಿದವು. ಕೂಸು ಆಗ ಮೊದಲ ಬಾರಿಗೆ ಅಳದೆ ಗಂಜಿ ಕುಡಿಯಿತು. ಈ ಕಾಯಿಲೆಯ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಇದಕ್ಕೆ ಸ್ಪಂದಿಸುತ್ತಾರೆಂದು ವೈದ್ಯರು ಮೊದಲೇ ಹೇಳಿದ್ದರು, ಆದರೆ ಆ ಸಂಖ್ಯೆಗಿಂತ ಆ ಒಂದು ಬಟ್ಟಲು ಗಂಜಿ ನನಗೆ ದೊಡ್ಡದು.

ನನ್ನ ದೂರು ಶುರುವಾಗುವುದು ಸೀಸೆಯ ಗಾತ್ರದಿಂದ. ಮೊಮ್ಮಗನಿಗೆ ಔಷಧ ಶುರುವಾದಾಗ ಎಂಟು ಕಿಲೋ ತೂಕವಿದ್ದ. ಕಿಲೋಗೆ 5 ಮೈಕ್ರೊಗ್ರಾಂನಂತೆ ದಿನಕ್ಕೆ 40 ಮೈಕ್ರೊಗ್ರಾಂ, ಎಂದರೆ ಸುಮಾರು 0.13 ಮಿಲಿಲೀಟರ್ ಸಾಕಾಗುತ್ತಿತ್ತು. ಈಗ ಹದಿನೇಳು ಕಿಲೋ ತೂಗುತ್ತಾನೆ, 0.28 ಮಿಲಿಲೀಟರ್ ಬೇಕು. ಸೀಸೆಯಲ್ಲಿರುವುದು ಒಂದು ಮಿಲಿಲೀಟರ್. ಅದರಲ್ಲಿ ಕೆಡದಂತೆ ಕಾಯುವ ಪದಾರ್ಥ ಯಾವುದೂ ಇಲ್ಲವಾದ್ದರಿಂದ, ಒಮ್ಮೆ ರಬ್ಬರ್ ಮುಚ್ಚಳವನ್ನು ಚುಚ್ಚಿದ ಮೇಲೆ ಉಳಿದದ್ದನ್ನು ಚೆಲ್ಲಬೇಕೆಂದು ಚೀಟಿಯಲ್ಲಿ ಬರೆದಿದೆ. ರೋಗನಿರೋಧಕ ಶಕ್ತಿಯೇ ಇಲ್ಲದ ಮಗುವಿಗೆ, ನಿನ್ನೆ ಚುಚ್ಚಿ ತೆರೆದಿಟ್ಟ ಸೀಸೆಯಿಂದ ಇಂದು ಔಷಧ ಎಳೆದು ಕೊಡುವುದನ್ನು ಶುಶ್ರೂಷಕಿಯಾಗಿ ನಾನು ಯಾರಿಗೂ ಹೇಳಲಾರೆ. ಅಷ್ಟೊಂದು ಕಂಬಗಳನ್ನು ಹಾಯ್ದು ಶುದ್ಧವಾಗಿ ಬಂದ ವಸ್ತುವಿನ ಮುಕ್ಕಾಲು ಪಾಲನ್ನು ದಿನವೂ ಚೆಲ್ಲುವಾಗ ಕೈ ತಡೆಯುತ್ತದೆ. ಹಣದ ಮಾತು ಒಂದಾದರೆ, ಇದೇ ಔಷಧಕ್ಕಾಗಿ ಪರದಾಡುವ ಇನ್ನೊಂದು ಮನೆಯ ನೆನಪು ಇನ್ನೊಂದು. ಇದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿರುವ ಗಾತ್ರ ದೊಡ್ಡವರ ಗಾತ್ರ. ಮಕ್ಕಳಿಗೆಂದು 60 ಅಥವಾ 100 ಮೈಕ್ರೊಗ್ರಾಂನ ಸೀಸೆಯನ್ನು ನಮ್ಮ ಕಂಪನಿಗಳು ಬಳ್ಳಾರಿಯಂಥ ಊರಿನ ಅಂಗಡಿಗೂ ಮುಟ್ಟುವ ಹಾಗೆ ಕೊಡಬೇಕೆಂದು ನಾನು ಬಲವಾಗಿ ಒತ್ತಾಯಿಸುತ್ತೇನೆ.

ಇಷ್ಟು ಸಣ್ಣ ಪ್ರಮಾಣವನ್ನು ಅಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಬರೆಯಬೇಕು, ಏಕೆಂದರೆ ಇದನ್ನು ಯಾವ ಕಂಪನಿಯ ಚೀಟಿಯಲ್ಲಿಯೂ ನಾನು ಸ್ಪಷ್ಟವಾಗಿ ಕಂಡಿಲ್ಲ. ಅಂಗಡಿಯಲ್ಲಿ ಸಣ್ಣ ಸಿರಿಂಜು ಕೇಳಿದರೆ ಇನ್ಸುಲಿನ್ ಸಿರಿಂಜನ್ನು ಕೊಡುತ್ತಾರೆ. ಅದರಲ್ಲಿ ಎರಡು ಬಗೆ: ಕೆಂಪು ಟೋಪಿಯದರಲ್ಲಿ ಒಂದು ಮಿಲಿಲೀಟರಿಗೆ 40 ಗೆರೆ, ಕಿತ್ತಳೆ ಟೋಪಿಯದರಲ್ಲಿ 100 ಗೆರೆ. 0.2 ಮಿಲಿಲೀಟರ್ ಎಂಬುದು ಕಿತ್ತಳೆಯದರಲ್ಲಿ 20ನೆಯ ಗೆರೆ, ಕೆಂಪಿನದರಲ್ಲಿ 8ನೆಯ ಗೆರೆ. ಯಾರೋ ‘ಇಪ್ಪತ್ತಕ್ಕೆ ಎಳೆಯಿರಿ’ ಎಂದು ಹೇಳಿಕೊಟ್ಟ ಮಾತನ್ನು ನಂಬಿ ಕೆಂಪು ಟೋಪಿಯ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತದೆ. ಆದ್ದರಿಂದ ಗೆರೆಗಳು ಮಿಲಿಲೀಟರಿನಲ್ಲಿಯೇ ಇರುವ ಒಂದು ಮಿಲಿಲೀಟರಿನ ಟ್ಯುಬರ್ಕ್ಯುಲಿನ್ ಸಿರಿಂಜನ್ನೇ ಕೇಳಿ ತರಬೇಕು. ಮೊದಲೇ ಔಷಧ ತುಂಬಿ ಬರುವ ಸಿರಿಂಜುಗಳು ದೊಡ್ಡವರಿಗೆ ಅನುಕೂಲವೇ ಹೌದು, ಆದರೆ 0.3 ಮಿಲಿಲೀಟರಿಗಿಂತ ಕಡಿಮೆ ಪ್ರಮಾಣವನ್ನು ಅವುಗಳಿಂದ ನೇರವಾಗಿ ಕೊಡಬಾರದೆಂದು ಅಂಥ ಒಂದು ಸಿರಿಂಜಿನ ಸೂಚನೆಯಲ್ಲೇ ಇದೆ. ಚಿಕ್ಕ ಮಕ್ಕಳಿಗೆ ಸೀಸೆಯೇ ಸರಿ.

ಇನ್ನೊಂದು ಸಲ ಅಂಗಡಿಯೊಂದರಲ್ಲಿ ಸೀಸೆ ಮುಗಿದಿತ್ತು. ಕೌಂಟರಿನಲ್ಲಿದ್ದ ಹುಡುಗ ಬೇರೊಂದು ಪೆಟ್ಟಿಗೆ ತೆಗೆದಿಟ್ಟು, “ಅಮ್ಮಾರೆ, ಎರಡೂ ಒಂದೇ ಔಷಧರೀ, ಇದು ಒಮ್ಮೆ ಹಾಕಿದ್ರ ದಿನಾ ಚುಚ್ಚೋದು ತಪ್ಪುತ್ತ” ಎಂದ. ಅದು ಪೆಗ್‌ಫಿಲ್‌ಗ್ರಾಸ್ಟಿಮ್, ಇದೇ ಪ್ರೋಟೀನಿಗೆ ಉದ್ದನೆಯ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಯನ್ನು ಜೋಡಿಸಿ ಮೂತ್ರಪಿಂಡದ ಮೂಲಕ ಬೇಗ ಹೊರಹೋಗದಂತೆ ಮಾಡಿದ ರೂಪ. ಕೀಮೋಥೆರಪಿಯ ರೋಗಿಗೆ ಅದು ಒಳ್ಳೆಯ ಔಷಧ. ಒಂದು ಸಿರಿಂಜಿನಲ್ಲಿ 6 ಮಿಲಿಗ್ರಾಂ, ಎಂದರೆ ನಮ್ಮ ಸೀಸೆಯ ಇಪ್ಪತ್ತು ಪಟ್ಟು ಇರುತ್ತದೆ. ಹುಡುಗ ಕೆಡುಕು ಎಣಿಸಿ ಹೇಳಿದ್ದಲ್ಲ, ದಿನವೂ ಮಗುವಿಗೆ ಚುಚ್ಚುವ ಕಷ್ಟವನ್ನು ಕಂಡು ಹೇಳಿದ. ನಾನು ಶುಶ್ರೂಷಕಿಯಲ್ಲದೆ ಹೊಲದ ಕೆಲಸ ಬಿಟ್ಟು ಕುರುಗೋಡಿನಿಂದ ಬಂದ ಅಜ್ಜಿಯಾಗಿದ್ದರೆ ಆ ಪೆಟ್ಟಿಗೆಯನ್ನು ತೆಗೆದುಕೊಂಡೇ ಹೋಗುತ್ತಿದ್ದೆನೇನೋ ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ.

ಬಳ್ಳಾರಿಯಲ್ಲಿ ಈ ಔಷಧದ ನಿಜವಾದ ಪರೀಕ್ಷೆ ಬೇಸಿಗೆಯಲ್ಲಿ. ಸೀಸೆಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಹೆಪ್ಪುಗಟ್ಟಿಸಬಾರದು, ಜೋರಾಗಿ ಅಲುಗಿಸಬಾರದು. ಕಾರ್ಖಾನೆಯಲ್ಲಿ ಅಷ್ಟು ಕಷ್ಟದಿಂದ ಮಡಿಸಿದ ಪ್ರೋಟೀನು ಬಿಸಿಯಿಂದಲೂ ನೊರೆಯಿಂದಲೂ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ, ಒಡೆದ ಹಾಲಿನಂತಾಗುತ್ತದೆ. ಒಡೆದ ಹಾಲು ಮತ್ತೆ ಹಾಲಾಗದು. ಸೀಸೆಯಲ್ಲಿ ಆಮ್ಲೀಯ ಅಸಿಟೇಟ್ ದ್ರಾವಣ, ಸಾರ್ಬಿಟಾಲ್, ಒಂದಿಷ್ಟು ಪಾಲಿಸಾರ್ಬೇಟ್ ಇಟ್ಟಿರುವುದು ಹಾಗೆ ಆಗದಿರಲೆಂದೇ. ಚುಚ್ಚಿದಾಗ ಉರಿಯುವುದೂ ಆ ಆಮ್ಲದ ಗುಣದಿಂದ. ಸಲೈನಿನಲ್ಲಿ ಬೆರೆಸಿದರೆ ಪ್ರೋಟೀನು ಗರಣೆಗಟ್ಟುವುದರಿಂದ, ಬೆರೆಸಲೇಬೇಕಾದರೆ 5 ಶೇಕಡಾ ಡೆಕ್ಸ್ಟ್ರೋಸ್ ಮಾತ್ರ ಬಳಸಬೇಕೆಂಬ ನಿಯಮವಿದೆ. ಫ್ರಿಡ್ಜಿನಿಂದ ಹೊರಗೆ ಒಂದು ಕಂಪನಿಯದು 24 ಗಂಟೆ, ಇನ್ನೊಂದರದು 72 ಗಂಟೆ ತಾಳುತ್ತದೆಂದು ಚೀಟಿಗಳು ಹೇಳುತ್ತವೆ. ಆದರೆ ಆ ಚೀಟಿಗಳ ‘ಕೋಣೆಯ ತಾಪ’ 25 ಡಿಗ್ರಿಯೋ 30 ಡಿಗ್ರಿಯೋ ಆಗಿರುತ್ತದೆ. ಏಪ್ರಿಲ್ ತಿಂಗಳಲ್ಲಿ 40 ದಾಟುವ ನಮ್ಮ ಊರಿನ ಯಾವ ಕೋಣೆಯನ್ನೂ ಅದನ್ನು ಬರೆದವರು ಕಂಡಿಲ್ಲ.

ಎರಡು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಬೆಲೆ ಕಡಿಮೆಯೆಂದು ದೂರದ ಊರಿನ ಒಂದು ಔಷಧ ಅಂಗಡಿಯಿಂದ ಹತ್ತು ಸೀಸೆ ತರಿಸಿದೆವು. ಥರ್ಮಾಕೋಲ್ ಡಬ್ಬಿಯನ್ನು ಬಸ್ಸಿನಲ್ಲಿ ಹಾಕಿ ಕಳುಹಿಸಿದರು. ರಾತ್ರಿ ಬರಬೇಕಾದ ಬಸ್ಸು ಮಾರನೆಯ ಮಧ್ಯಾಹ್ನ ಬಂದಿತು. ಡಬ್ಬಿ ತೆರೆದರೆ ಮಂಜುಗಡ್ಡೆಯ ಪೊಟ್ಟಣ ಬಿಸಿನೀರಿನ ಚೀಲದಂತಾಗಿತ್ತು. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಎರಡರಲ್ಲಿ ನವಿರಾದ ಬಿಳಿ ಎಳೆಗಳು ತೇಲುತ್ತಿದ್ದವು, ಉಳಿದ ಎಂಟು ತಿಳಿಯಾಗಿಯೇ ಇದ್ದವು. ಆ ಎಂಟನ್ನು ಬಳಸಬಹುದಲ್ಲವೇ ಎಂದು ಅಳಿಯ ಕೇಳಿದ. ಅವನ ಮುಖದಲ್ಲಿ ತಿಂಗಳ ಸಂಬಳದ ಲೆಕ್ಕ ಕಾಣುತ್ತಿತ್ತು. ಎಳೆ ಕಾಣುವುದಕ್ಕೆ ಬಹಳ ಮೊದಲೇ ಅಂಟಿಕೊಳ್ಳುವಿಕೆ ಶುರುವಾಗಿರುತ್ತದೆ, ಅಂಥದನ್ನು ದೇಹ ಹೊರಗಿನದೆಂದು ತಿಳಿದು ಅದರ ಮೇಲೆ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುವ ಅಪಾಯವೂ ಇದೆ ಎಂದು ಹೇಳಿ ಹತ್ತನ್ನೂ ಬದಿಗಿಟ್ಟೆ. ಅಂಗಡಿಯವರು ಹಣ ಹಿಂದಿರುಗಿಸಲಿಲ್ಲ. ಕಳುಹಿಸುವಾಗ ತಣ್ಣಗಿತ್ತು ಎಂಬುದೇ ಅವರ ಮಾತಾಗಿತ್ತು. ಹೊಸ ಸೀಸೆ ಸಿಗುವವರೆಗೆ ಎರಡು ದಿನ ಔಷಧ ತಪ್ಪಿತು. ನಿಲ್ಲಿಸಿದ ಒಂದೆರಡು ದಿನಗಳಲ್ಲೇ ನ್ಯೂಟ್ರೋಫಿಲ್‌ಗಳು ಅರ್ಧಕ್ಕೆ ಇಳಿಯುತ್ತವೆ; ಮೂರನೆಯ ದಿನ ಅವನ ತುಟಿಯ ಒಳಗೆ ಹುಣ್ಣು ಕಾಣಿಸಿಕೊಂಡಿತು. ಬಿಸಿ ತಗುಲಿದರೆ ಬಣ್ಣ ಬದಲಾಗುವ ಗುರುತನ್ನು ಪೋಲಿಯೊ ಲಸಿಕೆಯ ಸೀಸೆಗೆ ಅಂಟಿಸಿರುವುದನ್ನು ನನ್ನ ಸೇವೆಯಲ್ಲಿ ವರ್ಷಗಟ್ಟಲೆ ನೋಡಿದವಳು ನಾನು. ಹನಿ ಹಾಕಿಸಲು ಬಂದ ತಾಯಿಗೂ ಅದನ್ನು ತೋರಿಸಿ ತಿಳಿಸಬಹುದಾಗಿತ್ತು. ನಾನು ಕೊಂಡ ಯಾವ ಫಿಲ್‌ಗ್ರಾಸ್ಟಿಮ್ ಸೀಸೆಯ ಮೇಲೂ ಅಂಥ ಗುರುತು ಇರಲಿಲ್ಲ. ಇದು ನನ್ನ ಎರಡನೆಯ ದೂರು, ಮತ್ತು ಮೊದಲನೆಯದಕ್ಕಿಂತ ದೊಡ್ಡದು.

ಆ ಮೇಲೆ ನಾವು ಬೆಲೆ ನೋಡುವುದನ್ನು ಬಿಟ್ಟು ಊರಿನ ಒಂದೇ ಅಂಗಡಿಯನ್ನು ಹಿಡಿದೆವು. ಅದರ ಮಾಲೀಕರು ಔಷಧದ ಫ್ರಿಡ್ಜಿನಲ್ಲಿ ತಾಪಮಾಪಕ ಇಟ್ಟು ದಿನಕ್ಕೆರಡು ಬಾರಿ ಬರೆದಿಡುತ್ತಾರೆ. ಕರೆಂಟು ಹೋದರೆ ಫ್ರಿಡ್ಜಿಗೆ ಇನ್ವರ್ಟರ್ ಇದೆ. ಸೀಸೆ ಬಂದ ದಿನ “ಸಿಸ್ಟರಮ್ಮ, ಮಾಲು ಬಂದೈತಿ, ಸಂಜಿ ಬಿಸಿಲು ಇಳಿದ ಮ್ಯಾಲೆ ಬರ್ರಿ” ಎಂದು ತಾವೇ ಫೋನು ಮಾಡುತ್ತಾರೆ. ನಾನು ಜೆಲ್ ಪ್ಯಾಕ್ ಇಟ್ಟ ಡಬ್ಬಿ ಒಯ್ಯುತ್ತೇನೆ. ಪ್ಯಾಕಿಗೆ ಸೀಸೆ ನೇರವಾಗಿ ತಾಗಿ ಹೆಪ್ಪುಗಟ್ಟದಿರಲೆಂದು ನಡುವೆ ಒಂದು ಮಡಿಕೆ ಬಟ್ಟೆ ಇಡುತ್ತೇನೆ. ಮನೆಯ ಫ್ರಿಡ್ಜಿನಲ್ಲಿ ಬಾಗಿಲಿನ ಅರೆ ಬೇಡ, ಫ್ರೀಜರಿನ ಕೆಳಗಿನ ಹಲಗೆಯೂ ಬೇಡ, ನಡುವಿನದೇ ಸರಿ. ಚುಚ್ಚುವ ಇಪ್ಪತ್ತು ಮೂವತ್ತು ನಿಮಿಷ ಮೊದಲು ಹೊರಗಿಟ್ಟರೆ ಉರಿ ಕಡಿಮೆಯಾಗುತ್ತದೆ. ಮೊಮ್ಮಗ ಈಗ ತಾನೇ ಸೀಸೆಯನ್ನು ಕೆನ್ನೆಗೆ ತಾಗಿಸಿ ನೋಡಿ “ಅಜ್ಜಿ, ಇನ್ನೂ ತಣ್ಣಗೈತಿ, ಸ್ವಲ್ಪ ತಡಿ” ಎನ್ನುತ್ತಾನೆ.

ಅಡ್ಡಪರಿಣಾಮಗಳನ್ನು ಮುಚ್ಚಿಡುವುದು ಸರಿಯಲ್ಲ. ಮೂಳೆ ನೋವು ಬರುತ್ತದೆ. ಮಜ್ಜೆ ಒಮ್ಮೆಗೇ ದುಡಿಯತೊಡಗಿದಾಗ ಸೊಂಟ, ತೊಡೆ ನೋಯುತ್ತವೆ. ಮೊದಲ ತಿಂಗಳುಗಳಲ್ಲಿ ಕೂಸು ರಾತ್ರಿ ಕಾಲು ಒದರುತ್ತ ಅಳುತ್ತಿತ್ತು. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಆದರೆ ಕೊಡುವ ಮೊದಲು ಜ್ವರ ಅಳೆಯಲೇಬೇಕು, ಏಕೆಂದರೆ ಈ ಮಕ್ಕಳಲ್ಲಿ 38 ಡಿಗ್ರಿ ಎಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕಾದ ಕರೆ, ಅದನ್ನು ಮಾತ್ರೆಯಿಂದ ಮುಚ್ಚಬಾರದು. ಗುಲ್ಮ ದೊಡ್ಡದಾಗಬಹುದು, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತೇವೆ. ಎಲ್ಲಕ್ಕಿಂತ ಗಂಭೀರವಾದದ್ದು, ಈ ಕಾಯಿಲೆಯ ಕೆಲವು ಮಕ್ಕಳಲ್ಲಿ ವರ್ಷಗಳು ಕಳೆದಂತೆ ರಕ್ತದ ಕ್ಯಾನ್ಸರ್ ತಲೆಯೆತ್ತುತ್ತದೆ. ಹೆಚ್ಚು ಪ್ರಮಾಣದ ಔಷಧ ಬೇಕಾಗುವ ಮಕ್ಕಳಲ್ಲಿ ಆ ಅಪಾಯ ಹೆಚ್ಚೆಂದು ಹಲವು ದೇಶಗಳ ರೋಗಿಗಳನ್ನು ಸೇರಿಸಿ 1994ರಿಂದ ನಡೆಸುತ್ತಿರುವ ಅಂತರರಾಷ್ಟ್ರೀಯ ದಾಖಲೆಯಿಂದ ತಿಳಿದಿದೆ. ಆದ್ದರಿಂದ ವರ್ಷಕ್ಕೊಮ್ಮೆ ಮಜ್ಜೆಯ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಈ ಔಷಧ ಕಾಯಿಲೆಯನ್ನು ಬೇರು ಸಹಿತ ಕೀಳುವುದಿಲ್ಲ. ಅದನ್ನು ಮಾಡಬಲ್ಲದ್ದು ಅಸ್ಥಿಮಜ್ಜೆಯ ಕಸಿ ಒಂದೇ. ನಮ್ಮ ಮನೆಯಲ್ಲಿ ಹೊಂದುವ ದಾನಿ ಸಿಕ್ಕಿಲ್ಲ.

ಪೆಟ್ಟಿಗೆಯೊಳಗಿನ ಚೀಟಿಯ ಬಗ್ಗೆ ಒಂದೇ ಮಾತು. ಮೂರೂ ಕಂಪನಿಗಳದ್ದು ಇಂಗ್ಲಿಷಿನಲ್ಲಿವೆ, ಅಕ್ಷರ ರಾಗಿ ಕಾಳಿಗಿಂತ ಸಣ್ಣದು. ಅಲುಗಿಸಬೇಡಿ, ಹೆಪ್ಪುಗಟ್ಟಿಸಬೇಡಿ, ಉಳಿದದ್ದನ್ನು ಚೆಲ್ಲಿ ಎಂಬ ಮೂರು ಸಾಲನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಶಾಯಿ ಬೇಕು? ನಾನು ಬರೆದ ಒಂದು ಪುಟದ ಸೂಚನೆಯನ್ನು ನಮ್ಮ ಅಂಗಡಿಯವರು ಜೆರಾಕ್ಸ್ ಮಾಡಿಸಿ, ಈ ಔಷಧ ಕೊಳ್ಳುವವರಿಗೆಲ್ಲ ಸೀಸೆಯ ಜೊತೆ ಕೊಡುತ್ತಿದ್ದಾರೆ.

ಔಷಧದ ಗುಣಕ್ಕೆ ನಾನು ಐದಕ್ಕೆ ಐದು ಕೊಡುತ್ತೇನೆ. ಸೀಸೆಯ ಗಾತ್ರ, ಬಿಸಿ ತೋರಿಸುವ ಗುರುತಿಲ್ಲದಿರುವುದು, ಕನ್ನಡದ ಸೂಚನೆ ಇಲ್ಲದಿರುವುದು, ಈ ಮೂರಕ್ಕೆ ಸೇರಿ ಎರಡು ಕಳೆಯುತ್ತೇನೆ. ಕೊಳ್ಳಬೇಕೇ ಎಂದು ಕೇಳುವ ಸ್ಥಿತಿಯಲ್ಲಿ ಇಂಥ ಮಗುವಿರುವ ಯಾವ ಮನೆಯೂ ಇರುವುದಿಲ್ಲವಾದ್ದರಿಂದ, ಎಲ್ಲಿ ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಉತ್ತರ: ಬೆಲೆ ಕೇಳುವ ಮೊದಲು ಅಂಗಡಿಯ ಫ್ರಿಡ್ಜಿನ ತಾಪದ ಪುಸ್ತಕವನ್ನು ತೋರಿಸಲು ಹೇಳಿ.

ಮೊಮ್ಮಗ ಈ ಜೂನಿನಲ್ಲಿ ಒಂದನೆಯ ತರಗತಿಗೆ ಸೇರಿದ. ರಾಯಲ್ ಸರ್ಕಲ್ ದಾಟುವಾಗ ಬಂಡಿಯ ಮುಂದೆ ನಿಂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ಬೇಕೆಂದು ಹಟ ಹಿಡಿಯುತ್ತಾನೆ. ಅದನ್ನು ಇನ್ನೂ ಮನೆಯಲ್ಲೇ ಮಾಡಿಕೊಡುತ್ತಿದ್ದೇವೆ. ಮಜ್ಜೆಯ ಪರೀಕ್ಷೆ ಬರುವ ತಿಂಗಳಿದೆ. ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆ; ಎರಡು ರಾತ್ರಿಗೆ, ಒಂದು ಹಗಲಿಗೆ ಬೇಕಾಗುವ ನಾಲ್ಕು ಹೊಸ ಜೆಲ್ ಪ್ಯಾಕುಗಳನ್ನು ನಿನ್ನೆ ತಂದು ಫ್ರೀಜರಿನಲ್ಲಿ ಇಟ್ಟಿದ್ದೇನೆ.